ಗಾತ್ರವೂ ಗುಣವೂ

ಅಳತೆಯೆಂಬುದು ಮನುಷ್ಯನಿಗೆ ಬಹು ದೊಡ್ಡ ಸಮಾಧಾನ. ಜ್ವರಕ್ಕೆ ಡಿಗ್ರಿ, ರಕ್ತದೊತ್ತಡಕ್ಕೆ ಎರಡು ಅಂಕೆ. ಇಷ್ಟು ಕೈಗೆ ಸಿಕ್ಕಿತೆಂದರೆ ಬೇನೆಯೇ ಅರ್ಧ ತಿಳಿದಂತಾಗುತ್ತದೆ. ಮೂತ್ರಪಿಂಡದ ಗಡ್ಡೆಯ ವಿಷಯದಲ್ಲಿ ಈ ಸಮಾಧಾನವನ್ನು ಎಷ್ಟು ದೂರ ನಂಬಬಹುದೆಂದು ವಿಚಾರಿಸುವ ಪ್ರಸಂಗ ನನಗೆ ಈಚೆಗೆ ಒದಗಿತು.

ಚಿಂಚೋಳಿಗೆ ಹೊಂದಿಕೊಂಡಿರುವ ಚಂದಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಅವನ ತಂದೆಯ ಎಡ ಮೂತ್ರಪಿಂಡದಲ್ಲಿ ಗಡ್ಡೆಯೊಂದು ಕಂಡಿತು, ಅಳತೆ 3.8 ಸೆಂಟಿಮೀಟರು. “ಸರ್, ನಾಕರ ಒಳಗೇ ಅದರಿ. ಸಣ್ಣದಿದ್ರ ಹೆದರೂದೇನಿಲ್ಲಲ್ರಿ?” ಎಂದು ಕೇಳಿದ್ದ. ಮೂತ್ರಪಿಂಡವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆದರು. ಹೊಲಿಗೆ ಬಿಚ್ಚಿದ ಮೇಲೆ ಅವನು ಇಂಗ್ಲಿಷಿನ ವರದಿಯೊಂದನ್ನು ತಂದು ನನ್ನ ಮುಂದಿಟ್ಟ. ನಾನು ವೈದ್ಯನಲ್ಲ, ಹಳಗನ್ನಡ ಕಲಿಸುವವನು. ಆದರೂ ಪದಗಳಿಗೆ ಅರ್ಥ ಹೇಳುವುದೇ ನನ್ನ ಕಸುಬಾದುದರಿಂದ ವೈದ್ಯಮಿತ್ರರನ್ನು ಕೇಳಿ, ಪುಸ್ತಕಗಳನ್ನು ತಿರುವಿ ಕುಳಿತೆ.

ಗಾತ್ರಕ್ಕೆ ಬೆಲೆಯಿಲ್ಲವೆಂದಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು 1970ರಿಂದ 2000ದವರೆಗೆ ತಮ್ಮಲ್ಲಿ ಶಸ್ತ್ರಚಿಕಿತ್ಸೆ ಪಡೆದ 2,770 ರೋಗಿಗಳ ಗಡ್ಡೆಗಳನ್ನು ಪರಿಶೀಲಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಸೆಂಟಿಮೀಟರಿಗಿಂತ ಚಿಕ್ಕವಾದವುಗಳಲ್ಲಿ ನೂರಕ್ಕೆ ಸುಮಾರು 46 ಕ್ಯಾನ್ಸರೇ ಅಲ್ಲದವು. ಮೂರರಿಂದ ನಾಲ್ಕರ ನಡುವಣವುಗಳಲ್ಲಿ 20. ಏಳನ್ನು ಮುಟ್ಟಿದವುಗಳಲ್ಲಿ ಬರಿಯ 6. ಗಡ್ಡೆ ಬೆಳೆದಷ್ಟೂ ಕೇಡಿನ ಸಂಭವ ಹೆಚ್ಚು ಎಂಬುದು ಇದರಿಂದ ಸ್ಪಷ್ಟ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ಓದಿರಿ: ನಾಲ್ಕರ ಒಳಗಿನ “ಸಣ್ಣ” ಗಡ್ಡೆಗಳಲ್ಲಿಯೂ ಹೆಚ್ಚಿನವು ಕ್ಯಾನ್ಸರುಗಳೇ. ಯಾವುದು ಯಾವ ಗುಂಪಿನದೆಂಬುದನ್ನು ಸ್ಕ್ಯಾನಿನ ಚಿತ್ರ ಎಷ್ಟೋ ಸಲ ಹೇಳಲಾರದು.

ಇನ್ನು, ಈ ನಾಲ್ಕೆಂಬ ಗೆರೆಯಾದರೂ ಎಲ್ಲಿಯದು? ಗಡ್ಡೆ ಮೂತ್ರಪಿಂಡದೊಳಗೇ ಇರುವ ಮೊದಲ ಹಂತಕ್ಕೆ 1987ರಲ್ಲಿ ಇದ್ದ ಮಿತಿ ಎರಡೂವರೆ ಸೆಂಟಿಮೀಟರು. 1997ರಲ್ಲಿ ಅದನ್ನು ಏಳಕ್ಕೆ ಏರಿಸಿದರು. 2002ರಲ್ಲಿ ಆ ಏಳರೊಳಗೆ ನಾಲ್ಕರಲ್ಲೊಂದು ಗೆರೆ ಹಾಕಿ ಎರಡು ಭಾಗ ಮಾಡಿದರು. ರೋಗಿಗಳು ಎಷ್ಟು ಕಾಲ ಬದುಕಿದರೆಂಬ ಅನುಭವದಿಂದ ಮನುಷ್ಯರೇ ಎಳೆದು, ಅಳಿಸಿ, ಮತ್ತೆ ಎಳೆದ ಗೆರೆಗಳು ಇವು. ಗಡ್ಡೆಗೆ ಇವುಗಳ ಪರಿಚಯವಿಲ್ಲ. (ಕಂದದ ಮಾತ್ರೆಗಳನ್ನು ಎಣಿಸಿ ಮುಗಿಸಿ, ಪದ್ಯವನ್ನು ಓದಿದೆನೆಂದುಕೊಳ್ಳುವ ಹುಡುಗರು ನನ್ನ ತರಗತಿಯಲ್ಲಿಯೂ ಉಂಟು.)

ಅಳತೆಯೇ ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ದೇಹದೊಳಗೆ ಗಡ್ಡೆ ರಕ್ತ ತುಂಬಿಕೊಂಡಿರುತ್ತದೆ. ನಾಳ ಕಟ್ಟಿ ಹೊರತೆಗೆದಾಗ ರಕ್ತ ಇಳಿದು, ಫಾರ್ಮಲಿನ್ ದ್ರವದಲ್ಲಿ ಇನ್ನಷ್ಟು ಮುದುರಿ, ಕೆಲವು ಮಿಲಿಮೀಟರು ಕುಗ್ಗುವುದುಂಟು. ನಮ್ಮ ಹುಡುಗನ ತಂದೆಯ 3.8 ವರದಿಯಲ್ಲಿ 3.5 ಆಗಿತ್ತು. ಅಷ್ಟನ್ನೇ ಕಂಡು ಮನೆಯವರು ಹಿಗ್ಗಿದ್ದರು.

ನಿಜವಾದ ಓದು ಅಲ್ಲಿಂದಾಚೆಗೆ. ಕತ್ತರಿಸಿದ ಗಡ್ಡೆಯ ಬಣ್ಣವೇ ಒಂದು ಸುಳಿವು: ಬಹು ಸಾಮಾನ್ಯವಾದ ‘ಕ್ಲಿಯರ್ ಸೆಲ್’ ಕ್ಯಾನ್ಸರು ಕೊಬ್ಬಿನಂಶದಿಂದ ಹೊಂಬಣ್ಣವಾಗಿರುತ್ತದೆ, ನಿರಪಾಯವಾದ ‘ಆಂಕೊಸೈಟೋಮ’ ಕಂದು, ಕೆಲವು ಸಲ ನಡುವೆ ಕಲೆಯೊಂದಿರುತ್ತದೆ. ಆಮೇಲೆ ತುಣುಕುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ನೋಡುತ್ತಾರೆ. ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದುವು ಎರಡು ಮಾತುಗಳು: ಗ್ರೇಡ್, ಸ್ಟೇಜ್. ಮನೆಯವರು ಎರಡನ್ನೂ ಒಂದೇ ಎಂದು ತಿಳಿದಿದ್ದರು. ಗ್ರೇಡಿಗೆ ‘ದರ್ಜೆ’ ಎನ್ನೋಣ. ಅದು ಜೀವಕೋಶದ ಸ್ವಭಾವ. ಕೋಶಕೇಂದ್ರದೊಳಗಿನ ಪುಟ್ಟ ಚುಕ್ಕೆ ನಾನೂರು ಪಟ್ಟು ಹಿಗ್ಗಿಸಿದರೂ ಎದ್ದು ಕಾಣದಿದ್ದರೆ ಒಂದನೆಯ ದರ್ಜೆ. ನಾನೂರರಲ್ಲಿ ಕಂಡು ನೂರರಲ್ಲಿ ಕಾಣದಿದ್ದರೆ ಎರಡು. ನೂರು ಪಟ್ಟಿನಲ್ಲಿಯೇ ಕಂಡರೆ ಮೂರು. ಕೋಶವೇ ವಿಕಾರಗೊಂಡಿದ್ದರೆ ನಾಲ್ಕು. ನಮ್ಮ ಪರೀಕ್ಷೆಗಳಂತೆ ಇಲ್ಲಿಯೂ ಒಂದನೆಯ ದರ್ಜೆಯೇ ಮೇಲು. ಸ್ಟೇಜಿಗೆ ‘ಹಂತ’, ಅದು ಗಡ್ಡೆ ಎಷ್ಟು ದೂರ ಹೋಗಿದೆ ಎಂಬುದು. ಗಾತ್ರಕ್ಕೆ ಮನ್ನಣೆಯಿರುವುದು ಈ ಹಂತದಲ್ಲಿ, ಅದೂ ಗಡ್ಡೆ ಮೂತ್ರಪಿಂಡದ ಎಲ್ಲೆಯೊಳಗೆ ಇರುವತನಕ. ಸುತ್ತಣ ಕೊಬ್ಬಿಗೋ ಮೂತ್ರಪಿಂಡದ ರಕ್ತನಾಳಕ್ಕೋ ನುಗ್ಗಿತೆಂದರೆ, ಗಾತ್ರ ಎಷ್ಟೇ ಇರಲಿ, ಅದು ಮೂರನೆಯ ಹಂತ.

ಆ ವರದಿಯಲ್ಲಿ ಇದ್ದುದೂ ಅದೇ. ಕ್ಲಿಯರ್ ಸೆಲ್, ದರ್ಜೆ ಮೂರು, ಕತ್ತರಿಸಿದ ಅಂಚು ಶುದ್ಧ. ಆದರೆ ಕೊಬ್ಬಿನೊಳಗೆ ಒಂದು ಕಡೆ ಬೆರಳು ಚಾಚಿತ್ತು. ನಾಲ್ಕರೊಳಗಿನ ಗಡ್ಡೆಯಾದರೂ ಹಂತ ಮೂರು. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ವೈದ್ಯರಲ್ಲಿಗೆ ಆ ಕಾಗದದೊಡನೆ ಹೋಗಿಬಂದ ಮೇಲೆ, ಮುಂದಿನ ಸ್ಕ್ಯಾನುಗಳು ಒತ್ತೊತ್ತಾಗಿ ಬೀಳಬೇಕೆಂದು ಗೊತ್ತಾಯಿತು. ಎದೆಯ ಪರೀಕ್ಷೆಯೂ ಸೇರಿತು.

ನನಗೆ ಭಯ ಹುಟ್ಟಿಸುವುದು ಗಡ್ಡೆಗಿಂತ ನಮ್ಮ ಕಡೆಯ ಒಂದು ರೂಢಿ. ಈ ವರದಿ ಶಸ್ತ್ರಚಿಕಿತ್ಸೆಯ ದಿನವೇ ಬರುವುದಿಲ್ಲ. ಎಷ್ಟೋ ದಿನ ಹಿಡಿಯುತ್ತದೆ. ಅಷ್ಟರಲ್ಲಿ ರೋಗಿ ಊರಿಗೆ ಬಂದಿರುತ್ತಾನೆ, ಗಾಯ ಮಾಯುತ್ತಿರುತ್ತದೆ. ಒಂದು ಹಾಳೆಗಾಗಿ ಮತ್ತೆ ಕಲಬುರಗಿಗೋ ಹೈದರಾಬಾದಿಗೋ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಜೋಪಾನವಾಗಿ ಗೋಡೆಗೆ ತೂಗುಹಾಕಿರುತ್ತಾರೆ; ಪೆಥಾಲಜಿಯ ಹಾಳೆ ಆಸ್ಪತ್ರೆಯಲ್ಲಿಯೇ ಉಳಿದಿರುತ್ತದೆ. ಶಸ್ತ್ರಚಿಕಿತ್ಸೆಗೆ ಸೇರುವಾಗಲೇ ಅದು ಯಾವ ದಿನ ಸಿಗುವುದೆಂದು ಕೇಳಿ ಬರೆದಿಟ್ಟುಕೊಳ್ಳಬಹುದು. ವರದಿಯಲ್ಲಿ ಸಂಶಯ ಬಂದರೆ, ಆ ಮೇಣದ ಅಚ್ಚುಗಳನ್ನೂ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸಲು ಸಾಧ್ಯವಿದೆ. ಪ್ರಯೋಗಾಲಯಗಳು ಅವನ್ನು ವರ್ಷಗಟ್ಟಲೆ ಕಾದಿಡುತ್ತವೆ.