ಮುಳುಗಡೆಯ ನೋವು ಮತ್ತು ಕಾಸರವಳ್ಳಿಯವರ ‘ದ್ವೀಪ’

ಕಾರವಾರ ಧರ್ಮಪ್ರಾಂತ್ಯದ ಘಟ್ಟದ ಮೇಲಿನ ನಮಗೆ ಅಣೆಕಟ್ಟು ದೂರದ ಸುದ್ದಿಯಲ್ಲ. ಯಲ್ಲಾಪುರ ತಾಲೂಕಿನಲ್ಲಿ ಕಾಳಿ ನದಿಯ ಕೊಡಸಳ್ಳಿ ಅಣೆಕಟ್ಟಿದೆ. ಬೇಡ್ತಿ ಯೋಜನೆಯನ್ನು ಶಿರಸಿ, ಯಲ್ಲಾಪುರದ ಜನ ವಿರೋಧಿಸಿದರು. ಸಿದ್ದಾಪುರದ ನೆರೆಯ ಸಾಗರ ತಾಲೂಕಿನಲ್ಲಿ 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು.

ಆ ನೋವನ್ನು ‘ದ್ವೀಪ’ ಎಂಬ ಕಾದಂಬರಿಯಾಗಿಸಿದವರು ಸಾಗರದ ಕಥೋಲಿಕ ಸಾಹಿತಿ ನಾ. ಡಿಸೋಜ (1937–2025). ಅದನ್ನು ತೆರೆಗೆ ತಂದವರು ನಿರ್ದೇಶಕ ಗಿರೀಶ್ ಕಾಸರವಳ್ಳಿ. ಚಿತ್ರಕ್ಕೆ 2001ರ ಸಾಲಿನ ಸ್ವರ್ಣಕಮಲ ಪ್ರಶಸ್ತಿ ಸಂದಿತು.

1977ರ ‘ಘಟಶ್ರಾದ್ಧ’ದಲ್ಲಿ ಸಮಾಜ ಹೊರಹಾಕುವ ವಿಧವೆ, 1986ರ ‘ತಬರನ ಕಥೆ’ಯಲ್ಲಿ ಪಿಂಚಣಿಗಾಗಿ ಕಚೇರಿ ಅಲೆಯುವ ನೌಕರ: ಹೀಗೆ ಕಾಸರವಳ್ಳಿಯವರು ಮೊದಲಿನಿಂದಲೂ ಅಧಿಕಾರವನ್ನು ಅದರಡಿ ನಲುಗುವವರ ಕಣ್ಣಿಂದ ನೋಡಿದವರು. ‘ದ್ವೀಪ’ದಲ್ಲಿ ಅವರ ದೃಷ್ಟಿ ಮನೆಯೊಳಕ್ಕೂ ಹೋಗುತ್ತದೆ. ನೀರು ಏರುವಾಗ ಧೈರ್ಯದಿಂದ ದುಡಿದು ಮನೆ ಉಳಿಸುವವಳು ನಾಗಿ. ಗಂಡ ಗಣಪ ಮಾತ್ರ ಅದೆಲ್ಲ ದೇವರ ಕೃಪೆ ಎಂದುಬಿಡುತ್ತಾನೆ.

ನಾವೂ ದೇವರ ಕೃಪೆಯನ್ನು ನಂಬುವವರೇ. ಆದರೆ ಆ ಕೃಪೆ ಯಾರ ಕೈಗಳ ಮೂಲಕ ನಮ್ಮನ್ನು ತಲುಪುತ್ತದೆ ಎಂಬುದನ್ನು ಗುರುತಿಸುತ್ತೇವೆಯೇ? ನಮ್ಮ ಮನೆಗಳಲ್ಲಿ, ಚರ್ಚ್‌ಗಳಲ್ಲಿ ಸದ್ದಿಲ್ಲದೆ ದುಡಿಯುವ ನಾಗಿಯರಿದ್ದಾರೆ. ಯುವಜನರು, ಸ್ತ್ರೀ ಸಂಘಟನೆಯವರು ಈ ಚಿತ್ರವನ್ನು ಒಟ್ಟಿಗೆ ನೋಡಿ ಚರ್ಚಿಸಲಿ ಎಂಬುದು ನಮ್ಮ ಆಶಯ.