ಎರಡು ಕೋಟಿ ಡಾಲರಿನ ನೊಣದ ಪುಸ್ತಕ

2011ರ ಏಪ್ರಿಲ್. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಐಸೆನ್ ಅನ್ನೋ ಜೀವಶಾಸ್ತ್ರಜ್ಞರ ಲ್ಯಾಬಿಗೆ ಒಂದು ಪುಸ್ತಕ ಬೇಕಾಗಿತ್ತು. ಪೀಟರ್ ಲಾರೆನ್ಸ್ 1992ರಲ್ಲಿ ಬರೆದ 'ದಿ ಮೇಕಿಂಗ್ ಆಫ್ ಎ ಫ್ಲೈ'. ಒಂದು ನೊಣದ ದೇಹ ಹೇಗೆ ರೂಪುಗೊಳ್ಳುತ್ತದೆ ಅನ್ನೋದೇ ಅದರ ವಿಷಯ. ಅಮೆಜಾನ್‌ನಲ್ಲಿ ಹುಡುಕಿದರೆ ಹಳೆಯ ಪ್ರತಿಗಳು 35 ಡಾಲರ್‌ನಿಂದ ಶುರು. ಹೊಸ ಪ್ರತಿ ಇದ್ದದ್ದು ಎರಡೇ ಎರಡು. ಒಂದರ ಬೆಲೆ ಸುಮಾರು 17.3 ಲಕ್ಷ ಡಾಲರ್, ಇನ್ನೊಂದರದ್ದು ಸುಮಾರು 22 ಲಕ್ಷ ಡಾಲರ್!

ಯಾರೋ ಹ್ಯಾಕ್ ಮಾಡಿದ್ದಲ್ಲ, ತಮಾಷೆಗೆ ಹಾಕಿದ್ದೂ ಅಲ್ಲ. ಐಸೆನ್ ದಿನವೂ ಬೆಲೆ ಗಮನಿಸುತ್ತಾ ಹೋದರು, ಲೆಕ್ಕ ಸಿಕ್ಕಿತು. ಮೊದಲ ಅಂಗಡಿಯ ಸಾಫ್ಟ್‌ವೇರ್ ದಿನಕ್ಕೊಮ್ಮೆ ಎರಡನೆಯವರ ಬೆಲೆ ನೋಡಿ, ಅದರ 0.9983 ಪಟ್ಟು ಬೆಲೆ ಇಡುತ್ತಿತ್ತು. ಎರಡನೆಯ ಅಂಗಡಿಯ ಸಾಫ್ಟ್‌ವೇರ್ ಮೊದಲನೆಯವರ ಬೆಲೆ ನೋಡಿ, ಅದರ 1.270589 ಪಟ್ಟು ಇಡುತ್ತಿತ್ತು. ಕ್ಯಾಲ್ಕುಲೇಟರ್ ತೆಗೀರಿ. ಎರಡನ್ನೂ ಗುಣಿಸಿದರೆ 1.2684. ಅಂದ್ರೆ ಪ್ರತಿ ಸುತ್ತಿಗೂ ಬೆಲೆ ಶೇಕಡಾ 27ರಷ್ಟು ಏರುತ್ತೆ, ಮೂರು ಸುತ್ತಿಗೆ ದುಪ್ಪಟ್ಟಾಗುತ್ತೆ. ಏಪ್ರಿಲ್ 18ಕ್ಕೆ ಆ ಪುಸ್ತಕ ಮುಟ್ಟಿದ ಬೆಲೆ 2,36,98,655 ಡಾಲರ್ 93 ಸೆಂಟ್. ಮರುದಿನ ಯಾರೋ ಮನುಷ್ಯರು ಎಚ್ಚೆತ್ತರು ಅನ್ಸುತ್ತೆ, ಮೊದಲ ಅಂಗಡಿಯ ಬೆಲೆ 106 ಡಾಲರ್‌ಗೆ ಇಳಿಯಿತು.

ಈ ಕಥೆ ಕೇಳಿ ನಾವೆಲ್ಲ ನಗ್ತೀವಿ. ಆದರೆ ಈಗ ನಮ್ಮಲ್ಲಿ ಎಷ್ಟೋ ಜನರ ಪ್ರಾಜೆಕ್ಟ್ ಸಿನಾಪ್ಸಿಸ್‌ನಲ್ಲಿ 'ಏಜೆಂಟ್' ಅನ್ನೋ ಪದ ಇದೆ. ನಾಳೆ ಕೆಲಸಕ್ಕೆ ಸೇರಿದ ಮೇಲೆ ಇಂಥದ್ದನ್ನೇ ಬರೆಯೋದು ನಾವೇ. ಹಾಗಾಗಿ ತಪ್ಪಿದ್ದು ಎಲ್ಲಿ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಏಜೆಂಟ್ ಅಂದ್ರೆ ಏನು?

ಸಾಮಾನ್ಯ ಪ್ರೋಗ್ರಾಂ ನಾವು ಕರೆದಾಗ ಓಡುತ್ತೆ, ಉತ್ತರ ಕೊಟ್ಟು ಸುಮ್ಮನಾಗುತ್ತೆ. ಏಜೆಂಟ್ ಹಾಗಲ್ಲ. ಸುತ್ತಲಿನ ಪರಿಸ್ಥಿತಿಯನ್ನು ತಾನೇ ಗಮನಿಸುತ್ತೆ, ತೀರ್ಮಾನ ಮಾಡುತ್ತೆ, ಕೆಲಸ ನಡೆಸುತ್ತೆ, ಮತ್ತೆ ಗಮನಿಸುತ್ತೆ. 1995ರಲ್ಲಿ ವುಲ್ಡ್‌ರಿಡ್ಜ್ ಮತ್ತು ಜೆನ್ನಿಂಗ್ಸ್ ಬರೆದ ಪ್ರಬಂಧದಲ್ಲಿ ಏಜೆಂಟ್‌ಗೆ ನಾಲ್ಕು ಗುಣಗಳನ್ನು ಹೇಳಿದ್ದಾರೆ: ಸ್ವತಂತ್ರವಾಗಿ ನಡೆಯೋದು, ಬದಲಾವಣೆಗೆ ಸ್ಪಂದಿಸೋದು, ಗುರಿ ಇಟ್ಟುಕೊಂಡು ತಾನಾಗಿ ಮುಂದುವರಿಯೋದು, ಇತರ ಏಜೆಂಟ್‌ಗಳ ಜೊತೆ ಮಾತುಕತೆ ಆಡೋದು. ನೊಣದ ಪುಸ್ತಕದ ಸಾಫ್ಟ್‌ವೇರ್‌ಗಳಿಗೆ ಮೊದಲ ಎರಡು ಗುಣ ಇದ್ದವು, ಉಳಿದ ಎರಡು ಇರಲಿಲ್ಲ.

ಮಾತುಕತೆ ಅಂದ್ರೆ ಹೇಗೆ? 1980ರಲ್ಲಿ ರೀಡ್ ಸ್ಮಿತ್ 'ಕಾಂಟ್ರ್ಯಾಕ್ಟ್ ನೆಟ್' ಅನ್ನೋ ವಿಧಾನ ಪ್ರಕಟಿಸಿದರು. ಅದು ನಮಗೆ ಗೊತ್ತಿರೋದೇ. ಫೆಸ್ಟ್ ಬಂದಾಗ ಗ್ರೂಪಿಗೆ ಮೆಸೇಜ್ ಹಾಕ್ತೀವಿ: "ಸ್ಟೇಜ್ ಡೆಕೊರೇಶನ್ ಯಾರು ಮಾಡ್ತೀರಿ?" ಒಬ್ಬ "ನಾಳೆ ಸಂಜೆಯೊಳಗೆ ಮುಗಿಸ್ತೀನಿ" ಅಂತಾನೆ, ಇನ್ನೊಬ್ಬಳು "ನಾನು ಫ್ರೀ ಇದ್ದೀನಿ, ಇವತ್ತೇ ಆಗುತ್ತೆ" ಅಂತಾಳೆ. ಯಾರದ್ದು ಅನುಕೂಲವೋ ಅವರಿಗೆ ಕೆಲಸ. ಮೊದಲು ಘೋಷಣೆ, ಆಮೇಲೆ ಬಿಡ್, ಕೊನೆಗೆ ಹಂಚಿಕೆ, ಇಷ್ಟೇ.

ಕಂಪನಿಗೆ ಇದರಿಂದ ಏನು ಲಾಭ ಅನ್ನೋದಕ್ಕೆ ಕಿವಾ ಸಿಸ್ಟಮ್ಸ್ ಒಳ್ಳೆ ಉದಾಹರಣೆ. ದೊಡ್ಡ ಗೋದಾಮಿನಲ್ಲಿ ಕೆಲಸಗಾರರ ಸಮಯ ಹೆಚ್ಚು ಹೋಗೋದು ನಡೆಯೋದರಲ್ಲೇ. ಕಿವಾದವರು ಅದನ್ನು ತಿರುಗಿಸಿಟ್ಟರು: ಮನುಷ್ಯರು ನಿಂತಲ್ಲೇ ಇರಲಿ, ಕಪಾಟುಗಳೇ ಅವರ ಹತ್ತಿರ ಬರಲಿ. ಕಪಾಟು ಹೊರುವ ಪ್ರತಿ ರೋಬೋಟ್‌ಗೂ ಒಂದು ಏಜೆಂಟ್, ಸಾಮಾನು ತುಂಬುವ ಪ್ರತಿ ಸ್ಟೇಷನ್ನಿಗೂ ಒಂದು ಏಜೆಂಟ್, ಕೆಲಸ ಹಂಚೋದಕ್ಕೆ ಒಂದು ಮ್ಯಾನೇಜರ್. 2012ರಲ್ಲಿ ಅಮೆಜಾನ್ ಈ ಕಂಪನಿಯನ್ನು 77.5 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಯಾವ ರೋಬೋಟ್ ಯಾವ ಕಪಾಟು ಹೊರಬೇಕು ಅನ್ನೋದನ್ನು ಸಾಫ್ಟ್‌ವೇರ್ ತೀರ್ಮಾನಿಸಿತು. ಆದರೆ ಕಪಾಟೇ ಮನುಷ್ಯರ ಬಳಿ ಬರಬೇಕು ಅನ್ನೋ ಯೋಚನೆ ಮನುಷ್ಯರದ್ದು. ಮೊದಲನೆಯದು ದಿನನಿತ್ಯದ ಕೆಲಸ, ಎರಡನೆಯದು ಸ್ಟ್ರಾಟಜಿ.

ಹಾಗಾದ್ರೆ ತಪ್ಪಿದ್ದು ಎಲ್ಲಿ?

ಮತ್ತೆ ಪುಸ್ತಕಕ್ಕೆ ಬರೋಣ. ಮೊದಲ ಅಂಗಡಿಯ ಸ್ಟ್ರಾಟಜಿ ಸರಳ: ಪಕ್ಕದವರಿಗಿಂತ ಚೂರು ಕಡಿಮೆ ಇಟ್ಟರೆ ಗಿರಾಕಿ ನಮ್ಮ ಹತ್ತಿರ ಬರ್ತಾರೆ. ಎರಡನೆಯವರು ಯಾಕೆ ಹೆಚ್ಚು ಇಟ್ಟರು? ಐಸೆನ್ ಅವರ ಊಹೆ ಹೀಗಿದೆ: ಅವರ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಅವರ ಹೆಸರು ಚೆನ್ನಾಗಿದೆ ಅಂತ ಯಾರಾದರೂ ಹೆಚ್ಚು ಕೊಟ್ಟು ಆರ್ಡರ್ ಮಾಡಿದರೆ, ಮೊದಲ ಅಂಗಡಿಯಿಂದಲೇ ಕೊಂಡು ಕಳಿಸೋದು, ಉಳಿದದ್ದು ಲಾಭ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಬುದ್ಧಿವಂತ ಯೋಚನೆಗಳೇ. ಕೋಡ್‌ನಲ್ಲಿ ಒಂದು ಬಗ್ ಕೂಡ ಇಲ್ಲ. ಹೇಳಿದ್ದನ್ನು ಎರಡೂ ಸರಿಯಾಗೇ ಮಾಡಿದವು.

ತಪ್ಪಿದ್ದು ಊಹೆಯಲ್ಲಿ. 'ಎದುರಿನವರ ಬೆಲೆ ಎದುರಿನವರದ್ದು, ಅದಕ್ಕೂ ನನಗೂ ಸಂಬಂಧ ಇಲ್ಲ' ಅನ್ನೋ ಊಹೆ. ನಿಜವಾಗಿ ಎದುರಿನವರು ಇವರನ್ನೇ ನೋಡುತ್ತಿದ್ದರು. ಕಂಟ್ರೋಲ್ ಸಿಸ್ಟಮ್ಸ್ ಓದಿದ ಇಸಿಇ ಗೆಳೆಯರಿಗೆ ಇದು ತಕ್ಷಣ ಹೊಳೆಯುತ್ತೆ. ಇದೊಂದು ಫೀಡ್‌ಬ್ಯಾಕ್ ಲೂಪ್. ಗುಣಲಬ್ಧ 1ಕ್ಕಿಂತ ಹೆಚ್ಚಿದ್ದರೆ ಬೆಲೆ ಆಕಾಶಕ್ಕೆ, ಕಡಿಮೆ ಇದ್ದರೆ ಪಾತಾಳಕ್ಕೆ. ಇಬ್ಬರೂ 0.9983 ಅಂತ ಬರೆದಿದ್ದರೆ ಆ ಪುಸ್ತಕ ಕೊನೆಗೆ ಪುಕ್ಕಟೆಯಾಗುತ್ತಿತ್ತು. ಅದು ಸುದ್ದಿಯೂ ಆಗುತ್ತಿರಲಿಲ್ಲ, ಅಂಗಡಿ ಸದ್ದಿಲ್ಲದೆ ಮುಳುಗುತ್ತಿತ್ತು.

ಇನ್ನೊಂದು ತಪ್ಪು ಮಾಹಿತಿಯದ್ದು. ಹಳೆ ಪ್ರತಿ 35 ಡಾಲರ್‌ಗೆ ಸಿಗುತ್ತೆ ಅನ್ನೋದು ಅಲ್ಲೇ ಕಣ್ಣೆದುರಿಗೇ ಇತ್ತು. ಆದರೆ ಅದನ್ನು ನೋಡು ಅಂತ ಯಾರೂ ಆ ಏಜೆಂಟ್‌ಗೆ ಹೇಳಿರಲಿಲ್ಲ. ಡೇಟಾ ಇದ್ದರೆ ಸಾಲದು, ತೀರ್ಮಾನ ಮಾಡುವ ಜಾಗಕ್ಕೆ ಅದು ತಲುಪಬೇಕು. ಇನ್‌ಫರ್ಮೇಶನ್ ಸಿಸ್ಟಮ್ ಅನ್ನೋದರ ಅರ್ಥವೇ ಅದು.

ಹೊಣೆ ಯಾರದ್ದು?

ಆ ಬೆಲೆಯಿಂದ ಯಾರಿಗೂ ನಷ್ಟ ಆದಂತಿಲ್ಲ. ಎಲ್ಲ ಸಲ ಹಾಗಾಗಲ್ಲ. ಕೆನಡಾದಲ್ಲಿ ಒಬ್ಬ ಪ್ರಯಾಣಿಕರ ಅಜ್ಜಿ ತೀರಿಕೊಂಡರು. ಸಾವಿನ ಸಂದರ್ಭಕ್ಕೆ ಕೊಡುವ ರಿಯಾಯಿತಿ ಬಗ್ಗೆ ಅವರು ಏರ್ ಕೆನಡಾದ ಚಾಟ್‌ಬಾಟ್‌ನ್ನು ಕೇಳಿದರು. ಪ್ರಯಾಣ ಆದ ಮೇಲೂ ಅರ್ಜಿ ಹಾಕಬಹುದು ಅಂತ ಅದು ತಪ್ಪು ಹೇಳಿತು. ಆಮೇಲೆ ಕಂಪನಿ ಹಣ ಕೊಡಲಿಲ್ಲ. ವ್ಯಾಜ್ಯದಲ್ಲಿ ಕಂಪನಿ ಮಂಡಿಸಿದ ವಾದದ ತಿರುಳು, ಚಾಟ್‌ಬಾಟ್ ಮಾಡಿದ್ದಕ್ಕೆ ಅದೇ ಜವಾಬ್ದಾರಿ ಅಂತ! 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಇದನ್ನು ಒಪ್ಪದೆ, ಶುಲ್ಕ, ಬಡ್ಡಿ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಿ ಅಂತ ಆದೇಶಿಸಿತು. ಮೊತ್ತ ಸಣ್ಣದು, ಮಾತು ದೊಡ್ಡದು: ಏಜೆಂಟ್ ಆಡಿದ ಮಾತು ಕಂಪನಿಯದ್ದೇ ಮಾತು.

ನಾವು ಮಾಡಬೇಕಾದ್ದು

ಏಜೆಂಟ್ ಬರೆಯುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ. ಇದು ದಾಟಬಾರದ ಗೆರೆ ಯಾವುದು? ಆ ಪುಸ್ತಕದ ಕೋಡ್‌ಗೆ "200 ಡಾಲರ್ ದಾಟಿದರೆ ನಿಲ್ಲು" ಅನ್ನೋ ಒಂದು ಸಾಲು ಇದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಎದುರಿಗೂ ಇಂಥದ್ದೇ ಒಂದು ಏಜೆಂಟ್ ಇದ್ದರೆ ಏನಾಗುತ್ತೆ? ಒಂದೇ ಏಜೆಂಟ್‌ನ ಎರಡು ಪ್ರತಿ ಓಡಿಸಿ, ನೂರು ಸುತ್ತು ಬಿಟ್ಟು ನೋಡಿದರೆ ಗೊತ್ತಾಗುತ್ತೆ. ಯಾಕೆ ಹಾಗೆ ತೀರ್ಮಾನಿಸಿತು ಅಂತ ಲಾಗ್ ನೋಡಿ ಹೇಳಬಹುದಾ? ಕೊನೆಯದಾಗಿ, ಇದು ತಪ್ಪಿದಾಗ ಫೋನ್ ಯಾರಿಗೆ ಬರುತ್ತೆ?

ವೈವಾದಲ್ಲಿ ಎಕ್ಸಾಮಿನರ್ ಅಕ್ಯುರೆಸಿ ಎಷ್ಟು ಅಂತ ಕೇಳ್ತಾರೆ, ಅದಕ್ಕೆ ನಾವು ರೆಡಿ ಇರ್ತೀವಿ. ಈ ನಾಲ್ಕನ್ನು ಕೇಳದೇ ಇರಬಹುದು. ಕೇಳದಿದ್ದರೂ ರಿಪೋರ್ಟಿನಲ್ಲಿ ಒಂದು ಪುಟ ಇವಕ್ಕೆ ಇಡೋಣ.