ಮುಂಬೈ ಮಳೆ: ರಸ್ತೆ ನೀರಿಗೊಂದು, ಟ್ಯಾಂಕ್ ನೀರಿಗಿನ್ನೊಂದು, ಯಾವ ಪಂಪ್ ಯಾವ ಕೆಲಸಕ್ಕೆ?

ಮುಂಬೈನಲ್ಲಿ ಜೋರು ಮಳೆ ಸುರಿದಾಗಲೆಲ್ಲ ಪಂಪ್‌ಗಳದ್ದೇ ಸುದ್ದಿ. ಆದರೆ ಹಾಜಿ ಅಲಿಯ ಪಂಪ್ ಬೇರೆ, ಕಿಂಗ್ಸ್ ಸರ್ಕಲ್ ರಸ್ತೆಯಲ್ಲಿ ಇಡುವ ಪಂಪ್ ಬೇರೆ, ನಿಮ್ಮ ಸೊಸೈಟಿಯ ಪಂಪ್ ಬೇರೆ. ಎಷ್ಟು ನೀರು, ಎಷ್ಟು ಎತ್ತರಕ್ಕೆ, ನೀರು ಶುದ್ಧವೋ ಕೊಳಕೋ? ಈ ಮೂರು ಪ್ರಶ್ನೆ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಸಮುದ್ರಕ್ಕೆ ನೀರು ತಳ್ಳುವ ಪಂಪ್
2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಸಮುದ್ರದಲ್ಲಿ ಉಬ್ಬರವಿದ್ದಾಗ ಚರಂಡಿ ನೀರು ತಾನಾಗಿ ಹೊರಹೋಗುವುದಿಲ್ಲ. ಆಗ ಗೇಟ್ ಮುಚ್ಚಿ, ಮಳೆನೀರನ್ನು ಎತ್ತಿ ಸಮುದ್ರಕ್ಕೆ ಹಾಕಬೇಕು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್, ಕ್ಲೀವ್‌ಲ್ಯಾಂಡ್ ಬಂದರ್, ಬ್ರಿಟಾನಿಯಾ, ಗಜ್ದರ್‌ಬಂದ್ ಕೇಂದ್ರಗಳ ಕೆಲಸ ಇದೇ. ಇಲ್ಲಿನ ಒಂದೊಂದು ಪಂಪ್‌ನ ಸಾಮರ್ಥ್ಯ ಸೆಕೆಂಡಿಗೆ 6,000 ಲೀಟರ್. ಎತ್ತರ ಕಡಿಮೆ, ನೀರಿನ ಪ್ರಮಾಣ ಮಾತ್ರ ಭಾರೀ.

ರಸ್ತೆ ನೀರು ತೆಗೆಯುವ ಪಂಪ್
ತಗ್ಗು ಪ್ರದೇಶಗಳಲ್ಲಿ ಪಾಲಿಕೆ ಇಡುವುದು ಡಿವಾಟರಿಂಗ್ ಪಂಪ್. ಇದನ್ನು ಬೇಕಾದಲ್ಲಿಗೆ ಸಾಗಿಸಬಹುದು. ಡೀಸೆಲ್‌ನದ್ದಾದರೆ ಕರೆಂಟ್ ಹೋದರೂ ಓಡುತ್ತದೆ, ಕೆಸರು ನೀರನ್ನೂ ಎಳೆಯುತ್ತದೆ. ಆದರೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ನಿಂತೇ ಹೋಗಬಹುದು. ಜೊತೆಗೆ, ಎಳೆದ ನೀರು ಹರಿಯುವ ಚರಂಡಿಯೇ ತುಂಬಿದ್ದರೆ ಪಂಪ್ ಇದ್ದೂ ಪ್ರಯೋಜನವಿಲ್ಲ.

ಕಟ್ಟಡದ ಪಂಪ್
ಇಲ್ಲಿ ನೀರು ಕಡಿಮೆ, ಎತ್ತರ ಹೆಚ್ಚು. ಮೋಟಾರ್ ಮತ್ತು ಪಂಪ್ ಒಂದೇ ಘಟಕವಾಗಿರುವ ಮೊನೊಬ್ಲಾಕ್ ಒಣ ಜಾಗದಲ್ಲಿ ಕುಳಿತು ಸಂಪ್‌ನಿಂದ ನೀರೆಳೆಯುತ್ತದೆ. ಇದು ಸುಮಾರು 7 ಮೀಟರ್‌ಗಿಂತ ಆಳದಿಂದ ಎಳೆಯಲಾರದು. ಸಬ್‌ಮರ್ಸಿಬಲ್ ಪಂಪ್ ನೀರಿನಲ್ಲೇ ಮುಳುಗಿದ್ದು ಮೇಲಕ್ಕೆ ತಳ್ಳುತ್ತದೆ; ಹಾಗಾಗಿ ಬೋರ್‌ವೆಲ್‌ಗೆ ಅದೇ ಬೇಕು. ಪಂಪ್ ಕೋಣೆಗೆ ಮಳೆನೀರು ನುಗ್ಗಿದರೆ ಮೊನೊಬ್ಲಾಕ್ ಮೋಟಾರ್ ಸುಡಬಹುದು. ಮೊದಲು ಮುಖ್ಯ ಸ್ವಿಚ್‌ನಿಂದ ವಿದ್ಯುತ್ ಕಡಿತಗೊಳಿಸಿ. ಸ್ವಿಚ್ ಕೂಡ ಆ ನೀರಿನಲ್ಲೇ ಇದ್ದರೆ ಒಳಗೆ ಕಾಲಿಡದೆ ಎಲೆಕ್ಟ್ರಿಷಿಯನ್ ಅನ್ನು ಕರೆಸಿ.

ಈ ಪಂಪ್ ಬೇಡವೇ ಬೇಡ
ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದು ಕೆಲವರು ಪಾಲಿಕೆಯ ಪೈಪ್‌ಗೇ ನೇರವಾಗಿ ಬೂಸ್ಟರ್ ಪಂಪ್ ಜೋಡಿಸುತ್ತಾರೆ. ಇದು ಕಾನೂನುಬಾಹಿರ. ಪಕ್ಕದ ಮನೆಯ ನೀರು ನಿಲ್ಲುವುದಷ್ಟೇ ಅಲ್ಲ, ಪೈಪ್‌ನೊಳಗಿನ ಒತ್ತಡ ಕುಸಿದು ಅದರಲ್ಲಿರುವ ಸಣ್ಣ ಬಿರುಕಿನಿಂದಲೂ ಕೊಳಚೆ ಒಳಗೆ ಸೇರಬಹುದು. ಮಳೆಗಾಲದಲ್ಲಿ ಪೈಪ್ ಸುತ್ತಲೂ ಕೊಳಕು ನೀರೇ ನಿಂತಿರುವುದರಿಂದ ಅಪಾಯ ಹೆಚ್ಚು. ಸಂಪ್‌ನಲ್ಲಿ ಸಂಗ್ರಹವಾದ ನೀರನ್ನಷ್ಟೇ ಪಂಪ್ ಮಾಡಿ, ಒತ್ತಡ ಕಡಿಮೆಯಿದ್ದರೆ ವಾರ್ಡ್ ಕಚೇರಿಗೆ ದೂರು ನೀಡಿ.